ಕೂಲಿಗಾರರ ಸಂಘವೆಂದರೆ ಕಂಪೆನಿಗಳು ಬೆಚ್ಚುವುದೇಕೆ?

ನಮ್ಮ ಬೀದಿಯ ಐದಾರು ಮನೆಗಳಲ್ಲಿ ಪಾತ್ರೆ ಬೆಳಗಿ ನೆಲ ಒರೆಸುವ ಹೆಂಗಸರು ಒಂದು ದಿನ ಮುಂಜಾನೆ ಒಟ್ಟಾಗಿ ಬಂದು ನಮ್ಮ ಜಗಲಿಯ ಮುಂದೆ ನಿಂತರು. ಅವರ ಪೈಕಿ ಹಿರಿಯಳಾದವಳು, "ಅಮ್ಮಾವ್ರೆ, ನಾವೆಲ್ಲಾ ಮಾತಾಡ್ಕೊಂಡಿದ್ದೀವಿ. ತಿಂಗಳಿಗೆ ಎರಡು ದಿನ ರಜಾ ಬೇಕು. ಎಲ್ಲಾ ಮನೆಗೂ ಇದೇ ಮಾತು" ಎಂದಳು. ಕೇಳಿದುದು ಹೆಚ್ಚಿನದೇನೂ ಆಗಿರಲಿಲ್ಲ. ಅವಳೊಬ್ಬಳೇ ಬಂದು ಕೇಳಿದ್ದರೆ ಎರಡಕ್ಕೆ ಮೂರು ದಿನ ಬೇಕಾದರೂ ನಮ್ಮ ಮನೆಯಲ್ಲಿ ಕೊಡುತ್ತಿದ್ದೆವು. ಆದರೆ ಅಂದು ನಮಗೆ ಬಂದುದು ಕೋಪ. "ಇವರಿಗೆ ಇದನ್ನು ಯಾರು ಹೇಳಿಕೊಟ್ಟರು?" ಎಂಬುದೇ ನಮ್ಮ ಬಾಯಿಂದ ಹೊರಟ ಮೊದಲನೆಯ ಮಾತು.

ಆ ಕೋಪವು ಇಳಿದ ಮೇಲೆ ನಾವು ಅದನ್ನು ಕುರಿತು ಬಹಳ ಯೋಚಿಸಿದೆವು. ರಜೆ ಕೊಡುವುದಕ್ಕೆ ನಮ್ಮ ಅಡ್ಡಿಯಿರಲಿಲ್ಲ. ಒಟ್ಟಾಗಿ ಬಂದು ಕೇಳಿದುದೇ ನಮ್ಮನ್ನು ಚುಚ್ಚಿತ್ತು. ಹಾಗಾದರೆ ಸಾವಿರಾರು ಮಂದಿಯಿಂದ ಕೆಲಸ ತೆಗೆಯುವ ಕಂಪೆನಿಗಳು ಕೂಲಿಗಾರರ ಸಂಘವೆಂದೊಡನೆ ಬೆಚ್ಚಿ ಬೀಳುವುದೂ, ಸಂಘದೊಡನೆ ಕೂತು ಕರಾರು ಮಾಡಿಕೊಳ್ಳಲು ಒಲ್ಲೆವೆನ್ನುವುದೂ ಆಶ್ಚರ್ಯವೆ? ಗೃಹಸ್ಥರ ಮನೆಗಳಲ್ಲಿ ಒಬ್ಬ ಮಗನು ಕಾರ್ಖಾನೆಯಲ್ಲಿ ದುಡಿಯುವವನಾಗಿರಬಹುದು, ಇನ್ನೊಬ್ಬನು ಅಂಥದೇ ಕಾರ್ಖಾನೆಯಲ್ಲಿ ಅಧಿಕಾರಿಯಾಗಿರಬಹುದು, ಮನೆಯ ಹಿರಿಯರು ಕಂಪೆನಿಯ ಷೇರುಗಳನ್ನು ಕೊಂಡಿರಬಹುದು. ಆದುದರಿಂದ ಈ ಜಗಳವು ನಮ್ಮ ಮನೆಯೊಳಗಿನದೇ ಎಂದು ಭಾವಿಸಿ, ಅದರ ಬೇರನ್ನು ವಾಚಕರೊಡನೆ ಹುಡುಕಿ ನೋಡಬೇಕೆಂದಿದ್ದೇವೆ.

ಸಂಘದ ಬಲವೆಲ್ಲಿ?

ಒಂದು ಗಿರಣಿಯಲ್ಲಿ ಸಾವಿರ ಮಂದಿ ಕೆಲಸಗಾರರಿರುವರೆಂದು ಇಟ್ಟುಕೊಳ್ಳೋಣ. ಒಬ್ಬನು ಸಂಬಳ ಸಾಲದೆಂದು ಕೆಲಸ ಬಿಟ್ಟರೆ ಗಿರಣಿಗಾಗುವ ನಷ್ಟ ಸಾವಿರದಲ್ಲೊಂದು ಪಾಲು. ಅವನಿಗಾಗುವ ನಷ್ಟವೋ, ಅವನ ಸರ್ವಸ್ವ. ಯಜಮಾನನು ಒಂದು ತಿಂಗಳು ಕಾಯಬಲ್ಲನು. ಕೂಲಿಗಾರನ ಮನೆಯ ಹಿಟ್ಟಿನ ಮಡಕೆ ಒಂದು ವಾರವೂ ಕಾಯಲಾರದು. ಹೀಗಿರಲು ಇವರಿಬ್ಬರೂ ಎದುರುಬದುರಾಗಿ ಕೂತು ಮಾಡಿಕೊಳ್ಳುವ ಒಪ್ಪಂದವನ್ನು ಸಮಾನರ ಒಪ್ಪಂದವೆಂದು ಹೇಳುವುದು ಹೇಗೆ? ಆ ಸಾವಿರ ಮಂದಿಯೂ ಒಟ್ಟಾಗಿ ಒಂದೇ ಬಾಯಿಂದ ಮಾತನಾಡಿದರೆ ಮಾತ್ರ ತಕ್ಕಡಿಯ ಎರಡು ತಟ್ಟೆಗಳೂ ಒಂದು ಮಟ್ಟಕ್ಕೆ ಬರುವುವು. ಹೀಗೆ ಒಟ್ಟಾಗಿ ಮಾತನಾಡುವುದೇ ಸಾಮೂಹಿಕ ಚೌಕಾಶಿ. ಅದರಿಂದ ಹುಟ್ಟಿದ ಬರವಣಿಗೆಯೇ ಸಾಮೂಹಿಕ ಕರಾರು. ಸಂಬಳ, ಕೆಲಸದ ಹೊತ್ತು, ರಜೆ, ಬಡ್ತಿ, ಶಿಕ್ಷೆ, ಕೆಲಸದಿಂದ ತೆಗೆಯುವ ಕ್ರಮ, ಇವೆಲ್ಲವೂ ಅದರಲ್ಲಿ ಸೇರುತ್ತವೆ.

ನಮ್ಮ ದೇಶದಲ್ಲಿ ಈ ವಿಷಯವು ದೊಡ್ಡದಾಗಿ ಮೇಲೆದ್ದುದು 1918ನೆಯ ವರ್ಷದಲ್ಲಿ. ಮೊದಲನೆಯ ಮಹಾಯುದ್ಧದಿಂದ ಧಾನ್ಯ, ಬಟ್ಟೆ, ಸೀಮೆಎಣ್ಣೆಗಳ ಬೆಲೆಯೇರಿ, ಕೂಲಿ ಮಾತ್ರ ಹಿಂದೆಬಿದ್ದಿದ್ದ ಕಾಲವದು. ಆ ಒಂದೇ ವರ್ಷದಲ್ಲಿ ಎರಡು ಪಟ್ಟಣಗಳಲ್ಲಿ ನಡೆದ ಎರಡು ಕಥೆಗಳು ಎರಡು ದಾರಿಗಳನ್ನು ಹಿಡಿದುವು. ಅವೆರಡನ್ನೂ ತಿಳಿದರೆ ವಿಷಯದ ಮುಕ್ಕಾಲು ಪಾಲು ತಿಳಿದಂತೆಯೇ.

ಅಕ್ಕ ತಮ್ಮಂದಿರ ಎದುರಾಟ

ಮೊದಲನೆಯದು ಅಹಮದಾಬಾದಿನದು. 1917ರಲ್ಲಿ ಅಲ್ಲಿ ಪ್ಲೇಗು ಹಬ್ಬಿ ಜನರು ಊರು ಬಿಟ್ಟು ಓಡಲಾರಂಭಿಸಲು, ಗಿರಣಿಯ ಯಜಮಾನರು ಕೂಲಿಗಾರರನ್ನು ಹಿಡಿದಿಟ್ಟುಕೊಳ್ಳುವುದಕ್ಕಾಗಿ 'ಪ್ಲೇಗಿನ ಬೋನಸ್' ಎಂದು ಹೆಚ್ಚಿನ ಹಣವನ್ನು ಕೊಟ್ಟರು. ಕೆಲವು ಕಡೆ ಅದು ಸಂಬಳದ ನೂರಕ್ಕೆ ಎಪ್ಪತ್ತು ಎಂಬತ್ತರವರೆಗೂ ಏರಿತ್ತು. ಪ್ಲೇಗು ಇಳಿಯಿತು, ಬೆಲೆಗಳು ಇಳಿಯಲಿಲ್ಲ. 1918ರ ಆರಂಭದಲ್ಲಿ ಯಜಮಾನರು ಬೋನಸ್ಸನ್ನು ನಿಲ್ಲಿಸಹೊರಟಾಗ ನೇಕಾರರು ತಿರುಗಿಬಿದ್ದರು. ಯಜಮಾನರ ಮುಂದಾಳು ಅಂಬಾಲಾಲ ಸಾರಾಭಾಯಿಯವರು. ಕೂಲಿಗಾರರ ಪಕ್ಷದಲ್ಲಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಬೆನ್ ಅವರು! ಇಂಗ್ಲೆಂಡಿಗೆ ಹೋಗಿ ಓದಿಬಂದಿದ್ದ ಆಕೆಯು ಗಿರಣಿಯ ಕೆಲಸಗಾರರ ಮಕ್ಕಳಿಗಾಗಿ ಶಾಲೆಯನ್ನು ನಡೆಸುತ್ತ, ಆ ಮನೆಗಳ ಕಷ್ಟವನ್ನು ಕಣ್ಣಾರೆ ಕಂಡವರು. ಗಾಂಧೀಜಿಯವರು ಇಬ್ಬರಿಗೂ ಆಪ್ತರು.

ಗಾಂಧೀಜಿಯವರು ಲೆಕ್ಕಾಚಾರಗಳನ್ನು ವಿಚಾರಿಸಿ ನೂರಕ್ಕೆ 35ರಷ್ಟು ಹೆಚ್ಚಳವು ನ್ಯಾಯವೆಂದರು. ಯಜಮಾನರು 20ಕ್ಕೆ ಮೇಲೆ ಒಂದು ಕಾಸೂ ಇಲ್ಲವೆಂದರು. ಮಧ್ಯಸ್ಥರ ತೀರ್ಪಿಗೆ ಒಪ್ಪಿಸಿರೆಂದು ಗಾಂಧೀಜಿಯವರು ಕೇಳಿದಾಗ ಯಜಮಾನರು ಕೊಟ್ಟ ಉತ್ತರವು ಬಹು ಅರ್ಥವತ್ತಾದುದು: ತಮಗೂ ಕೂಲಿಗಾರರಿಗೂ ಇರುವ ಸಂಬಂಧ ತಂದೆಮಕ್ಕಳ ಸಂಬಂಧ, ಅದರ ನಡುವೆ ಮೂರನೆಯವರಿಗೇನು ಕೆಲಸ ಎಂದು. ಗಿರಣಿಗಳ ಬಾಗಿಲಿಗೆ ಬೀಗಮುದ್ರೆ ಬಿದ್ದಿತು. ಸಾಬರಮತಿಯ ದಂಡೆಯಲ್ಲಿ ಒಂದು ಜಾಲಿಯ ಮರದ ಕೆಳಗೆ ಕೂಲಿಗಾರರ ಸಭೆ ದಿನವೂ ಸೇರುತ್ತಿತ್ತು. ಹಸಿವಿನಿಂದ ಅವರ ಮನಸ್ಸು ಕುಸಿಯತೊಡಗಿದಾಗ, ಮಾರ್ಚಿ 15ರಂದು ಗಾಂಧೀಜಿಯವರು ಉಪವಾಸ ಹಿಡಿದರು. ಮೂರು ದಿನಗಳಲ್ಲಿ ರಾಜಿಯಾಯಿತು. ಮೊದಲನೆಯ ದಿನ ಕೂಲಿಗಾರರ ಮಾತು ಉಳಿಯಲೆಂದು ನೂರಕ್ಕೆ 35, ಎರಡನೆಯ ದಿನ ಯಜಮಾನರ ಮಾತು ಉಳಿಯಲೆಂದು 20, ಆಮೇಲೆ ತೀರ್ಪು ಬರುವವರೆಗೂ ನಡುವಣ 27½ ಎಂದು ಗೊತ್ತಾಯಿತು. ಮಧ್ಯಸ್ಥರಾದ ಆನಂದಶಂಕರ ಧ್ರುವರು ಕಡೆಗೆ ಕೊಟ್ಟ ತೀರ್ಪು 35ಕ್ಕೇ. 1920ರಲ್ಲಿ ಅಲ್ಲಿ 'ಮಜೂರ್ ಮಹಾಜನ್' ಎಂಬ ಸಂಘವು ಹುಟ್ಟಿತು; ಜಗಳ ಬಂದರೆ ಮೊದಲು ಮಧ್ಯಸ್ಥರ ಬಳಿಗೆ ಹೋಗತಕ್ಕದ್ದೆಂಬ ಪದ್ಧತಿಯೂ ಬೇರೂರಿತು. ಆ ಮನೆಯ ಅಕ್ಕನಿಗೂ ತಮ್ಮನಿಗೂ ಕಡೆಯವರೆಗೆ ಪ್ರೀತಿಯೇನೂ ಕುಂದಲಿಲ್ಲ.

ಕಚೇರಿಯ ಮೆಟ್ಟಿಲು ಹತ್ತಿದ ಜಗಳ

ಎರಡನೆಯದು ಮದರಾಸಿನದು. ಪೆರಂಬೂರಿನಲ್ಲಿ ಬಿನ್ನಿ ಕಂಪೆನಿಯವರು ಆಳುತ್ತಿದ್ದ ಬಕಿಂಗ್‌ಹ್ಯಾಮ್ ಗಿರಣಿ, ಕರ್ನಾಟಿಕ್ ಗಿರಣಿ ಎಂಬ ಎರಡು ದೊಡ್ಡ ಗಿರಣಿಗಳಿದ್ದುವು. ನಮ್ಮ ಬೆಂಗಳೂರಿನ ಹಿರಿಯರಿಗೆ 'ಬಿನ್ನಿ ಮಿಲ್' ಎಂದು ಪರಿಚಿತವಾಗಿದ್ದ ಗಿರಣಿಯನ್ನು ನಡೆಸಿದವರೂ ಇವರೇ. ಮದರಾಸಿನ ಕೂಲಿಗಾರರ ದೂರುಗಳಲ್ಲಿ ಒಂದು ಊಟದ ಹೊತ್ತಿನದು: ಮಧ್ಯಾಹ್ನ ಕೊಡುತ್ತಿದ್ದುದು ಅರ್ಧ ಗಂಟೆಯ ಬಿಡುವು. ಅಷ್ಟರಲ್ಲಿ ಯಂತ್ರದ ಬಳಿಯಿಂದ ಹೊರಗೆ ಬಂದು, ಕೈಕಾಲು ತೊಳೆದು, ಬುತ್ತಿ ಬಿಚ್ಚಿ ಉಂಡು, ಗಂಟೆ ಬಾರಿಸುವುದರೊಳಗಾಗಿ ಮರಳಿ ನಿಲ್ಲಬೇಕು. ಗಿರಣಿಯ ಕೆಲಸಗಾರರಲ್ಲದ ಸೆಲ್ವಪತಿ ಚೆಟ್ಟಿಯಾರ್, ರಾಮಾನುಜುಲು ನಾಯುಡು ಎಂಬಿಬ್ಬರು ಇದನ್ನು ಕಂಡು ಮರುಗಿ, ಆ್ಯನಿ ಬೆಸೆಂಟರ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ ಬಿ. ಪಿ. ವಾಡಿಯಾ ಅವರನ್ನು ಕರೆತಂದರು. 1918ರ ಏಪ್ರಿಲ್ 27ರಂದು ಮದರಾಸ್ ಲೇಬರ್ ಯೂನಿಯನ್ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಕ್ರಮವಾಗಿ ಸದಸ್ಯತ್ವ, ಚಂದಾ, ಅಧಿಕಾರಿಗಳನ್ನಿಟ್ಟುಕೊಂಡು ನಡೆದ ಕೂಲಿಗಾರರ ಸಂಘಗಳಲ್ಲಿ ಇದನ್ನು ಮೊದಲಿನದೆಂದು ಎಣಿಸುವರು.

ಕಂಪೆನಿಯವರು ಕಟುಕರೆಂದು ಯಾರೂ ಭಾವಿಸಬೇಕಾಗಿಲ್ಲ. ಅವರು ಶಾಲೆಯನ್ನು ನಡೆಸುತ್ತಿದ್ದರು. ಕೂಲಿಗಾರರ ಯೋಗಕ್ಷೇಮಕ್ಕೆ ಹಣ ವೆಚ್ಚ ಮಾಡುತ್ತಿದ್ದರು. ಆದರೆ ಸಂಘವೆಂಬುದನ್ನು ಮಾತ್ರ ಸಹಿಸರು. 1920ರಲ್ಲಿ ಜಗಳವು ಬಲಿತಾಗ ಕಂಪೆನಿಯು ವಾಡಿಯಾ ಮೊದಲಾದವರ ಮೇಲೆ ಮದರಾಸಿನ ಹೈಕೋರ್ಟಿನಲ್ಲಿ ದಾವಾ ಹೂಡಿತು: ಇವರು ನಮ್ಮ ಕೂಲಿಗಾರರನ್ನು ಕರಾರು ಮುರಿಯುವಂತೆ ಪ್ರೇರಿಸಿ ನಮಗೆ ನಷ್ಟಮಾಡಿದರೆಂದು. ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. ನಷ್ಟಪರಿಹಾರದ ಹೊರೆ ತಲೆಯ ಮೇಲೆ ಬೀಳುವುದೆಂಬ ಭಯವು ಸಂಘವನ್ನು ಕವಿಯಿತು. ವಾಡಿಯಾ ಅವರು ಕೂಲಿಗಾರರ ಚಳವಳಿಯಿಂದ ಹಿಂದೆ ಸರಿದರೆ ಹಣದ ಮಾತನ್ನು ಬಿಡುವೆವೆಂದು ಕಂಪೆನಿ ಹೇಳಿತು, ಅವರು ಸರಿದರು.

ಮರುವರ್ಷದ ದೊಡ್ಡ ಮುಷ್ಕರದಲ್ಲಿ ಇನ್ನೂ ದುಃಖಕರವಾದುದು ನಡೆಯಿತು. ಆದಿದ್ರಾವಿಡ ಕೆಲಸಗಾರರಲ್ಲಿ ಬಹುಮಂದಿ ಕೆಲಸಕ್ಕೆ ಮರಳಿದರು, ಮಿಕ್ಕವರು ಹೊರಗುಳಿದರು. ಕೂಲಿಯ ಜಗಳವು ಜಾತಿಯ ಜಗಳವಾಗಿ, ಪುಳಿಯಾಂತೋಪಿನ ಗುಡಿಸಲುಗಳಿಗೆ ಬೆಂಕಿ ಬಿದ್ದು, ಪೋಲೀಸರ ಗುಂಡಿಗೆ ಪ್ರಾಣಗಳು ಹೋದುವು. ಮುಷ್ಕರವು ಸೋತಿತು. ಆಮೇಲೆ ಕಂಪೆನಿಯವರೇ ಗಿರಣಿಯೊಳಗೆ ಒಂದು ಯೋಗಕ್ಷೇಮ ಸಮಿತಿಯನ್ನು ಏರ್ಪಡಿಸಿದರು. ದೂರು ಹೇಳಿಕೊಳ್ಳಲು ಸಮಿತಿ ಉಂಟು, ಇನ್ನು ಸಂಘವೇತಕ್ಕೆ ಎಂಬುದು ಇಂಥ ಏರ್ಪಾಡುಗಳ ತಾತ್ಪರ್ಯ.

ಆದರೆ ಆ ದಾವಾವೇ ಮುಂದೆ ಸಂಘಗಳಿಗೆ ವರವಾಯಿತು. ಇದೇ ಬಗೆಯ ತೀರ್ಪು ಇಂಗ್ಲೆಂಡಿನಲ್ಲಿ 1901ರಲ್ಲಿ ರೈಲ್ವೆ ಕೂಲಿಗಾರರ ಸಂಘದ ಮೇಲೆ ಬಂದು, 1906ರಲ್ಲಿ ಅಲ್ಲಿ ಹೊಸ ಕಾಯಿದೆಯಾಗಿತ್ತು. ನಮ್ಮಲ್ಲಿಯೂ ಅಂಥದೇ ಬೇಕೆಂದು ಎನ್. ಎಂ. ಜೋಷಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಗೊತ್ತುವಳಿ ತಂದರು. 1926ರ ಟ್ರೇಡ್ ಯೂನಿಯನ್ ಕಾಯಿದೆಯು ಹುಟ್ಟಿದುದು ಹೀಗೆ. ರಿಜಿಸ್ಟರಾದ ಸಂಘದವರು ಕೈಗಾರಿಕೆಯ ಜಗಳದಲ್ಲಿ ಕರಾರು ಮುರಿಯಲು ಪ್ರೇರಿಸಿದರೆಂಬ ಕಾರಣದಿಂದಲೇ ಅವರ ಮೇಲೆ ದಾವಾ ನಡೆಯದೆಂದು ಅದು ವಿಧಿಸಿತು.

ಹಣವೊಂದೇ ಕಾರಣವೆ?

ಈಗ ಮೂಲ ಪ್ರಶ್ನೆಗೆ ಬರೋಣ. ಕಂಪೆನಿಗಳು ಸಂಘವನ್ನು ಬೇಡವೆನ್ನುವುದಕ್ಕೆ ಮೊದಲನೆಯ ಕಾರಣ ಹಣವೆಂದು ಎಲ್ಲರೂ ಹೇಳುವರು. ಅದು ಸುಳ್ಳಲ್ಲ. ಅಮೆರಿಕದಲ್ಲಿ ನಡೆದ ಅನೇಕ ಪರಿಶೋಧನೆಗಳ ಪ್ರಕಾರ ಸಂಘವುಳ್ಳ ಕೆಲಸಗಾರರ ಸಂಬಳವು ಸಂಘವಿಲ್ಲದ ಅಂಥವರೇ ಕೆಲಸಗಾರರ ಸಂಬಳಕ್ಕಿಂತ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಹೆಚ್ಚು. ಆ ಹಣ ಎಲ್ಲಿಂದಾದರೂ ಬರಲೇಬೇಕು. ಬಹುಪಾಲು ಲಾಭದಿಂದಲೇ ಬರುವುದು. ಪಕ್ಕದ ಗಿರಣಿಯಲ್ಲಿ ಸಂಘವಿಲ್ಲದೆ ನಮ್ಮದರಲ್ಲಿ ಮಾತ್ರ ಇದ್ದರೆ, ನಮ್ಮ ಬಟ್ಟೆಗೆ ಗಜಕ್ಕಿಷ್ಟು ಬೆಲೆ ಹೆಚ್ಚಾಗಿ ಗಿರಾಕಿಯು ಪಕ್ಕದವನ ಬಳಿಗೆ ಹೋಗುವನೆಂಬ ಭಯವು ಯಜಮಾನರಿಗೆ ಸಹಜವಾದುದೇ. ಆದುದರಿಂದಲೇ ಕೈಗಾರಿಕೆಯ ಎಲ್ಲ ಕಾರ್ಖಾನೆಗಳಿಗೂ ಒಂದೇ ಕರಾರು ಇರುವಲ್ಲಿ ಯಜಮಾನರ ವಿರೋಧವು ಇಷ್ಟು ತೀವ್ರವಾಗಿ ಕಾಣದು.

ಆದರೆ ಹಣವೊಂದೇ ಕಾರಣವಾಗಿದ್ದರೆ ಹೆನ್ರಿ ಫೋರ್ಡನ ಕಥೆಯು ಅರ್ಥವಾಗುವುದಿಲ್ಲ. 1914ರ ಜನವರಿಯಲ್ಲಿ ಈ ಮೋಟಾರು ತಯಾರಕನು ಯಾರೂ ಕೇಳದಿದ್ದರೂ ದಿನಗೂಲಿಯನ್ನು ಸುಮಾರು ಎರಡೂಕಾಲು ಡಾಲರಿನಿಂದ ಐದು ಡಾಲರಿಗೆ ಏರಿಸಿ, ಕೆಲಸದ ಹೊತ್ತನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದನು. ಲೋಕವೆಲ್ಲ ಬೆರಗಾಯಿತು. ಅವನ ಲೆಕ್ಕವೂ ಸರಿಯಾಗಿಯೇ ಇತ್ತು: ಹಿಂದಿನ ವರ್ಷ ನೂರು ಕೆಲಸಗಳನ್ನು ತುಂಬಿಟ್ಟುಕೊಳ್ಳುವುದಕ್ಕೆ 370 ಮಂದಿಯನ್ನು ಸೇರಿಸಿಕೊಳ್ಳಬೇಕಾಗಿ ಬಂದಿತ್ತು, ಅಷ್ಟು ಬೇಗ ಬೇಸತ್ತು ಜನರು ಬಿಟ್ಟುಹೋಗುತ್ತಿದ್ದರು. ಇಷ್ಟು ಧಾರಾಳಿಯಾದ ಇದೇ ಫೋರ್ಡನು ಸಂಘವನ್ನು ಮಾತ್ರ 1941ರವರೆಗೆ ತನ್ನ ಬಾಗಿಲೊಳಗೆ ಬಿಡಲಿಲ್ಲ. 1937ರ ಮೇ 26ರಂದು ಅವನ ಕಾರ್ಖಾನೆಯ ಬಳಿಯ ಸೇತುವೆಯ ಮೇಲೆ ಕರಪತ್ರ ಹಂಚಲು ಬಂದ ವಾಲ್ಟರ್ ರೂಥರ್ ಮೊದಲಾದವರನ್ನು ಕಂಪೆನಿಯ ಕಾವಲುಗಾರರು ನೆತ್ತರು ಬರುವಂತೆ ಬಡಿದರು. ಅದರ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾದುವು.

ಐದು ಡಾಲರು ಕೊಟ್ಟವನು ಕರಪತ್ರಕ್ಕೆ ಹೆದರಿದುದೇಕೆ? ಇದಕ್ಕೆ ಉತ್ತರವು ಆ ಐದು ಡಾಲರಿನಲ್ಲಿಯೇ ಇದೆ. ಅದನ್ನು ಪಡೆಯುವುದಕ್ಕೆ ಕೂಲಿಗಾರನ ನಡತೆಯ ಪರೀಕ್ಷೆಯಾಗಬೇಕಾಗಿತ್ತು. ಕಂಪೆನಿಯ ತನಿಖೆಗಾರರು ಅವನ ಮನೆಗೆ ಬಂದು, ಮನೆ ಚೊಕ್ಕಟವಾಗಿದೆಯೆ, ಅವನು ಕುಡಿಯುವನೆ, ಹಣವನ್ನು ಕೂಡಿಡುವನೆ, ಹೆಂಡತಿ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುವನೆ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಪ್ರಿಯ ಗೃಹಿಣಿಯರೇ, ನಿಮ್ಮ ಯಜಮಾನರ ಸಂಬಳಕ್ಕಾಗಿ ಯಾರೋ ಬಂದು ನಿಮ್ಮ ಅಡಿಗೆಮನೆಯನ್ನು ಇಣಿಕಿ ನೋಡಿದರೆ ನಿಮಗೆ ಹೇಗಾದೀತು? ಅನುಗ್ರಹವಾಗಿ ಬಂದುದಕ್ಕೆ ಪರೀಕ್ಷೆಯುಂಟು. ಕೊಟ್ಟ ಕೈಯೇ ಅದನ್ನು ಕಿತ್ತುಕೊಳ್ಳಲೂಬಹುದು. ಕರಾರಿನಿಂದ ಬಂದುದು ಹಕ್ಕು. ಅದನ್ನು ಕಿತ್ತುಕೊಳ್ಳಬೇಕಾದರೆ ಮತ್ತೆ ಕೂತು ಮಾತನಾಡಬೇಕು. ಯಜಮಾನನಿಗೆ ಐದು ಡಾಲರು ಕೊಡುವುದು ಕಷ್ಟವಲ್ಲ. ಕೊಡುವ ಮತ್ತು ಬಿಡುವ ಅಧಿಕಾರವನ್ನು ಹಂಚಿಕೊಳ್ಳುವುದು ಕಷ್ಟ. ಯಾರನ್ನು ತೆಗೆಯಬೇಕು, ಯಾರನ್ನು ಮೇಲೇರಿಸಬೇಕು, ಯಂತ್ರವು ಎಷ್ಟು ವೇಗವಾಗಿ ತಿರುಗಬೇಕು ಎಂಬ ಮಾತುಗಳಲ್ಲಿ ಇನ್ನೊಬ್ಬರನ್ನು ಕೇಳಬೇಕಾಗುವುದೇ ಅವನ ಗಂಟಲಿನ ಮುಳ್ಳು.

ಫೋರ್ಡನು ಒಪ್ಪಿಕೊಂಡ ಬಗೆಯೂ ಮನೆಮಂದಿಯೆಲ್ಲ ತಿಳಿಯಬೇಕಾದುದು. 1941ರ ಏಪ್ರಿಲಿನಲ್ಲಿ ಅವನ ಮಹಾ ಕಾರ್ಖಾನೆಯು ಮುಷ್ಕರದಿಂದ ನಿಂತಿತು. ಆಮೇಲೆ ನಡೆದ ಮತದಾನದಲ್ಲಿ ಕೂಲಿಗಾರರು ಸಂಘವನ್ನೇ ಆರಿಸಿದರು. ಕರಾರಿನ ಕರಡನ್ನು ಕಂಡು ಮುದುಕನು, ಕಾರ್ಖಾನೆಯನ್ನೇ ಮುಚ್ಚುವೆನೆಂದು ಹಟ ಹಿಡಿದನು. ಆದರೆ ಕೊನೆಗೆ ಕರಾರಿಗೆ ಒಪ್ಪಿದನು. ಮತ್ತೆ ನೆತ್ತರು ಹರಿಯುವುದಾದರೆ ತಾನು ಮನೆ ಬಿಟ್ಟು ಹೋಗುವೆನೆಂದು ಹೆಂಡತಿ ಕ್ಲಾರಾ ಹೇಳಿದಳೆಂದೂ, ಅದರಿಂದ ಫೋರ್ಡನು ಮಣಿದನೆಂದೂ ಅವನ ಹಿರಿಯ ಅಧಿಕಾರಿಯಾಗಿದ್ದ ಸೊರೆನ್ಸನ್ ಎಂಬವನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ.

ಉಳಿದ ಕಾರಣಗಳು

ಮೂರನೆಯ ಕಾರಣ ಲೆಕ್ಕದ ಪುಸ್ತಕ. ಸಂಘವು ಸಂಬಳದ ಮಾತನ್ನೆತ್ತಿದರೆ ಕಂಪೆನಿಯು ತನಗೆ ಶಕ್ತಿಯಿಲ್ಲವೆನ್ನುವುದು. ಹಾಗಾದರೆ ಲೆಕ್ಕ ತೋರಿಸಿರೆಂದು ಸಂಘವು ಕೇಳುವುದು. 1945ರ ನವೆಂಬರಿನಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಕೂಲಿಗಾರರು ನೂರಕ್ಕೆ 30ರಷ್ಟು ಹೆಚ್ಚಳ ಬೇಕು, ಮೋಟಾರಿನ ಬೆಲೆಯನ್ನು ಮಾತ್ರ ಏರಿಸಕೂಡದು, ಆಗದಿದ್ದರೆ ಪುಸ್ತಕಗಳನ್ನು ತೆರೆಯಿರಿ ಎಂದು ಕೇಳಿದರು. ಕಂಪೆನಿಯು ಪುಸ್ತಕ ತೆರೆಯುವುದಕ್ಕಿಂತ 113 ದಿನಗಳ ಮುಷ್ಕರವನ್ನೇ ಮೇಲೆಂದು ಎಣಿಸಿತು. ಮನೆಯ ಹೊರಗಿನವರಿಗೆ ಕಬ್ಬಿಣದ ಪೆಟ್ಟಿಗೆಯ ಬೀಗದಕೈ ಕೊಡುವವರು ಯಾರು?

ನಾಲ್ಕನೆಯದು ಹೊರಗಿನವರ ಭಯ. ಅಹಮದಾಬಾದಿನಲ್ಲಿ 'ಮೂರನೆಯವರು', ಮದರಾಸಿನಲ್ಲಿ ವಾಡಿಯಾ, ನಮ್ಮ ಬೀದಿಯಲ್ಲಿ 'ಯಾರು ಹೇಳಿಕೊಟ್ಟರು' ಎಂಬ ಪ್ರಶ್ನೆ, ಎಲ್ಲವೂ ಒಂದೇ. ಆದರೆ ಒಳಗಿನವನೇ ಮುಂದಾಳಾದರೆ ಮಾರನೆಯ ದಿನವೇ ಅವನ ಕೆಲಸ ಹೋಗುವುದೆಂಬುದನ್ನು ಮರೆಯಬಾರದು. ಹೊರಗಿನವನು ಬಂದುದು ಒಳಗಿನವನಿಗೆ ರಕ್ಷಣೆಯಿಲ್ಲದುದರಿಂದ.

ಐದನೆಯದು ಸಂಘಗಳದೇ ತಪ್ಪುಗಳು; ಇವನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದೇ ಕಾರ್ಖಾನೆಯಲ್ಲಿ ಮೂರು ನಾಲ್ಕು ಸಂಘಗಳು, ಒಂದೊಂದಕ್ಕೂ ಒಂದೊಂದು ರಾಜಕೀಯ ಪಕ್ಷದ ಕೊಡೆ. ಒಂದು ಒಪ್ಪಿದುದನ್ನು ಇನ್ನೊಂದು ಒಪ್ಪದು. 1982ರ ಜನವರಿ 18ರಂದು ಮುಂಬಯಿಯ ಹತ್ತಿಗಿರಣಿಗಳಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರವು ಹೂಡಲ್ಪಟ್ಟಿತು. ಸುಮಾರು ಎರಡೂವರೆ ಲಕ್ಷ ಮಂದಿ ಹೊರಗೆ ಬಂದರು. ಕಾಯಿದೆಯ ಪ್ರಕಾರ ಮಾನ್ಯತೆ ಇದ್ದುದು ಬೇರೊಂದು ಸಂಘಕ್ಕೆ. ಕೂಲಿಗಾರರ ಮನಸ್ಸಿದ್ದುದು ಸಾಮಂತರ ಕಡೆಗೆ. ಮಾನ್ಯತೆಯಿದ್ದವರಿಗೆ ಬಲವಿಲ್ಲ, ಬಲವಿದ್ದವರಿಗೆ ಮಾನ್ಯತೆಯಿಲ್ಲ. ಇನ್ನು ಮಾತನಾಡುವವರು ಯಾರು? ವರ್ಷಕ್ಕೂ ಮೇಲ್ಪಟ್ಟು ಎಳೆದ ಆ ಮುಷ್ಕರವನ್ನು ಕ್ರಮವಾಗಿ ಹಿಂತೆಗೆದುಕೊಂಡುದೇ ಇಲ್ಲ. ಎಷ್ಟೋ ಗಿರಣಿಗಳು ಮತ್ತೆ ತೆರೆಯಲಿಲ್ಲ. ಎಷ್ಟೋ ಸಂಸಾರಗಳು ಊರು ಬಿಟ್ಟು ಹೋದುವು. ಸಂಘವನ್ನು ಬೇಡವೆನ್ನುವ ಯಜಮಾನರು ಇಂದಿಗೂ ಬೆರಳು ಮಾಡಿ ತೋರಿಸುವುದು ಇದನ್ನೇ.

ಸಂಘವಿಲ್ಲದಿದ್ದರೆ ಶಾಂತಿಯೆ?

ಹಾಗಾದರೆ ಸಂಘವಿಲ್ಲದ ಕಡೆ ಮುಷ್ಕರವಿಲ್ಲವೆ? ನಮ್ಮ ನಾಡಿನ ಎರಡು ಉದಾಹರಣೆಗಳು ಇದಕ್ಕೆ ಸಾಕ್ಷಿ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳ ಕೂಲಿಗಾರರಿಗೆ ಸರಿಯಾದ ಸಂಘವೇ ಇರಲಿಲ್ಲ. ಹೆಬ್ಬೆಟ್ಟಿನ ಗುರುತು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಹೊಸ ನಿಯಮವು ಬಂದಾಗ, ನಮ್ಮನ್ನು ಅಪರಾಧಿಗಳಂತೆ ಕಾಣುವರೆಂದು ಸಾವಿರಾರು ಮಂದಿ ಗಣಿಗೆ ಇಳಿಯದೆ ಕೂತರು. ಮುಷ್ಕರವು ವಾರಗಟ್ಟಲೆ ನಡೆಯಿತು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಂಗಸರು, ಭವಿಷ್ಯನಿಧಿಯ ಹಣವನ್ನು ತೆಗೆದುಕೊಳ್ಳಲು ಸರ್ಕಾರವು ಹಾಕಿದ್ದ ಹೊಸ ಅಡ್ಡಿಯನ್ನು ಕೇಳಿ ಹೊಸೂರು ರಸ್ತೆಗೆ ಇಳಿದುಬಿಟ್ಟರು. ಅವರಲ್ಲಿ ಸಂಘಕ್ಕೆ ಸೇರಿದವರು ಬಹು ಕಡಿಮೆ. ಯಾರೊಡನೆ ಮಾತನಾಡಬೇಕೆಂಬುದೇ ಅಧಿಕಾರಿಗಳಿಗೆ ತೋಚಲಿಲ್ಲ. ಕಲ್ಲು, ಲಾಠಿ, ಹೊಗೆ ಎಲ್ಲವೂ ಆಗಿ, ಎರಡನೆಯ ದಿನವೇ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಮಗಳ ಮದುವೆಗೋ ಮಗನ ಓದಿಗೋ ಎಂದು ಆ ಹಣವನ್ನು ನೆಚ್ಚಿದ್ದ ಹೆಂಗಸಿಗೆ ತನ್ನ ಮಾತನ್ನು ಹೇಳಲು ಬೀದಿಯಲ್ಲದೆ ಬೇರೆ ಜಾಗವೇ ಇರಲಿಲ್ಲ. ಗಂಜಿಯ ಮಡಕೆಗೆ ಬಿಗಿಯಾಗಿ ಮುಚ್ಚಳ ಹಾಕಿದರೆ ಕುದಿಯುವುದು ನಿಲ್ಲದು. ಉಕ್ಕಿ ಒಲೆಯನ್ನು ಆರಿಸುವುದು.

ಇನ್ನೊಂದು ಪಕ್ಕದಿಂದ ನೋಡಿದರೆ, ಕರಾರು ಯಜಮಾನರಿಗೂ ಲಾಭವನ್ನು ತಂದುದುಂಟು. 113 ದಿನ ಕಾದಾಡಿದ ಆ ಜನರಲ್ ಮೋಟಾರ್ಸ್ ಕಂಪೆನಿಯೇ 1950ರಲ್ಲಿ ಅದೇ ಸಂಘದೊಡನೆ ಐದು ವರ್ಷಗಳ ಕರಾರು ಮಾಡಿಕೊಂಡಿತು. ಕೂಲಿಗಾರರಿಗೆ ನಿವೃತ್ತಿ ವೇತನವೂ, ಬೆಲೆಗಳೊಡನೆ ಏರುವ ಸಂಬಳವೂ ದೊರೆತುವು. ಕಂಪೆನಿಗೆ ಐದು ವರ್ಷ ಮುಂದೆ ನೋಡಿ ಯೋಜನೆ ಹಾಕುವಷ್ಟು ನೆಮ್ಮದಿ ದೊರೆಯಿತು. ಫ್ರೀಮನ್, ಮೆಡಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಂಘವುಳ್ಳ ಕಡೆ ಲಾಭವು ಕೊಂಚ ಇಳಿಯುವುದೆಂದು ಒಪ್ಪಿಕೊಂಡು, ಕೆಲಸ ಬಿಟ್ಟುಹೋಗುವವರ ಸಂಖ್ಯೆಯೂ ಇಳಿಯುವುದೆಂದು ತೋರಿಸಿದರು. ಅಸಮಾಧಾನಗೊಂಡವನಿಗೆ ಎರಡೇ ದಾರಿ, ಬಿಟ್ಟುಹೋಗುವುದು ಇಲ್ಲವೆ ಬಾಯಿಬಿಟ್ಟು ಹೇಳುವುದು. ಹೇಳಲು ಎಡೆಯಿದ್ದರೆ ಬಿಟ್ಟುಹೋಗುವವರು ಕಡಿಮೆ.

ಕಾಯಿದೆಯ ಮಾತು

1926ರ ಕಾಯಿದೆಯು ಸಂಘಕ್ಕೆ ಜೀವ ಕೊಟ್ಟಿತೇ ಹೊರತು, ಯಜಮಾನನು ಅದರೊಡನೆ ಕೂತು ಮಾತನಾಡಲೇಬೇಕೆಂದು ಹೇಳಲಿಲ್ಲ. ಆ ಕೊರತೆಯನ್ನು ತುಂಬಲು 1947ರಲ್ಲಿ ತಿದ್ದುಪಡಿಯಾಯಿತು. ಆದರೆ ಅದನ್ನು ಜಾರಿಗೆ ತರಲೇ ಇಲ್ಲ. ಹೀಗಾಗಿ ಎಷ್ಟೋ ಕಡೆಗಳಲ್ಲಿ ಸಂಘಗಳ ಮೊದಲನೆಯ ಮುಷ್ಕರವು ಸಂಬಳಕ್ಕಾಗಿ ಅಲ್ಲದೆ, ನಮ್ಮನ್ನು ಒಪ್ಪಿಕೊಳ್ಳಿರೆಂಬುದಕ್ಕಾಗಿಯೇ ನಡೆಯಿತು. 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು ಹಳೆಯ ಮೂರು ಕಾಯಿದೆಗಳನ್ನು ಒಂದುಗೂಡಿಸಿತು. ಅದರ ಪ್ರಕಾರ ಕೆಲಸಗಾರರಲ್ಲಿ ನೂರಕ್ಕೆ 51 ಮಂದಿಯ ಬೆಂಬಲವುಳ್ಳ ಸಂಘವೊಂದಿದ್ದರೆ ಮಾತುಕತೆಯ ಹಕ್ಕು ಅದಕ್ಕೆ. ಅಂಥದಿಲ್ಲದಿದ್ದರೆ ಹಲವು ಸಂಘಗಳ ಮಂಡಳಿಗೆ. ಇತ್ತ 14 ದಿನಗಳ ಮುನ್ಸೂಚನೆಯಿಲ್ಲದೆ ಯಾವ ಕಾರ್ಖಾನೆಯಲ್ಲಿಯೂ ಮುಷ್ಕರ ಹೂಡುವಂತಿಲ್ಲ. ಒಂದು ಕೈಯಿಂದ ಮಾತಿನ ಹಕ್ಕನ್ನು ಕೊಟ್ಟು ಇನ್ನೊಂದು ಕೈಯಿಂದ ಮುಷ್ಕರದ ಹಕ್ಕನ್ನು ಬಿಗಿಹಿಡಿದಂತಾಯಿತೆಂದು ಸಂಘದವರ ದೂರು. ಕಂಟ್ರಾಕ್ಟುದಾರರ ಮೂಲಕ ದುಡಿಯುವವರ ಪಾಡಂತೂ ಬೇರೆಯೇ: ಖಾಯಂ ಕೆಲಸಗಾರರ ಪಕ್ಕದಲ್ಲಿಯೇ ನಿಂತು ಅದೇ ಕೆಲಸ ಮಾಡಿದರೂ, ಅವರ ಕರಾರಿನ ನೆರಳು ಇವರ ಮೇಲೆ ಬೀಳುವುದು ಅಪರೂಪ. ಸಂಘವನ್ನು ನೇರವಾಗಿ ಎದುರಿಸುವುದಕ್ಕಿಂತ ಹೀಗೆ ಪಕ್ಕದಿಂದ ದಾಟಿಹೋಗುವುದು ಸುಲಭವೆಂದು ಕಂಪೆನಿಗಳು ಕಂಡುಕೊಂಡಿವೆ.

ಗೃಹಸ್ಥರಾದ ನಾವು ಮಾಡಬಹುದಾದುದೇನು? ಮುಷ್ಕರದ ಸುದ್ದಿಯನ್ನು ಓದಿದಾಗ, ಬಸ್ಸಿಲ್ಲ, ಹಾಲಿಲ್ಲ ಎಂದು ಬೇಸರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ. ಜಗಳವು ಹಣಕ್ಕಾಗಿಯೋ, ಮರ್ಯಾದೆಗಾಗಿಯೋ? ಮೊದಲು ಮಾತನಾಡಲು ಒಲ್ಲೆವೆಂದವರು ಯಾರು? ಸೋತವರ ಮನೆಯಲ್ಲಿ ಒಲೆ ಹತ್ತುವುದು ಹೇಗೆ? ನಮ್ಮ ಮಗನು ಅಧಿಕಾರಿಯಾಗಿದ್ದರೆ ಕೇಳುವ ತಾಳ್ಮೆಯನ್ನೂ, ಕೂಲಿಗಾರನಾಗಿದ್ದರೆ ಕೊಟ್ಟ ಮಾತಿಗೆ ನಿಲ್ಲುವ ಗುಣವನ್ನೂ ಅವನಿಗೆ ಕಲಿಸೋಣ. ಎರಡೂ ಮನೆಯಲ್ಲಿಯೇ ಕಲಿಯಬೇಕಾದ ವಿದ್ಯೆಗಳು.

ನಮ್ಮ ಬೀದಿಯ ಮಾತನ್ನು ಮುಗಿಸದೆ ಬಿಡುವುದು ಸರಿಯಲ್ಲ. ಆ ದಿನ ನಾವು, "ಆಮೇಲೆ ನೋಡೋಣ" ಎಂದು ಒಳಗೆ ಹೋಗಿದ್ದೆವು. ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮ ಮನೆಯಾಕೆಯು, "ಅವಳಿಗೆ ಹೇಳಿಕೊಟ್ಟವರು ಯಾರೂ ಅಲ್ಲ. ಹೋದ ತಿಂಗಳು ಮಗುವಿಗೆ ಜ್ವರವೆಂದು ಒಂದು ದಿನ ತಪ್ಪಿಸಿಕೊಂಡದ್ದಕ್ಕೆ ನಾವೇ ಸಂಬಳ ಹಿಡಿದೆವು. ಕಲಿಸಿದವರು ನಾವೇ" ಎಂದಳು. ಅನ್ನದ ತುತ್ತು ನಮ್ಮ ಕೈಯಲ್ಲಿಯೇ ಉಳಿಯಿತು. ಸಂಜೆ ಬೀದಿಯ ನಾಲ್ಕು ಮನೆಯವರು ನಮ್ಮ ಜಗಲಿಯಲ್ಲಿ ಸೇರಿದೆವು. ಆ ಹೆಂಗಸರನ್ನೂ ಕರೆಸಿ ಚಾಪೆಯ ಮೇಲೆ ಕೂರಿಸಿ ಮಾತನಾಡಿದೆವು. ತಿಂಗಳಿಗೆ ಎರಡು ದಿನ ರಜೆ, ಜ್ವರ ಬಂದರೆ ಸಂಬಳ ಹಿಡಿಯುವುದಿಲ್ಲ. ಅವರ ಕಡೆಯಿಂದ, ರಜೆಯನ್ನು ಹಿಂದಿನ ದಿನವೇ ತಿಳಿಸುವುದು. ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಓದಿ ಹೇಳಿದೆವು. ಹಿರಿಯಳಾದವಳು ಸಹಿಗೆ ಬದಲು ಹೆಬ್ಬೆಟ್ಟೊತ್ತಿ, ಆ ಹಾಳೆಯ ಇನ್ನೊಂದು ಪ್ರತಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಹೋದಳು. ಮಾರನೆಯ ದಿನ ಮುಂಜಾನೆ ಎಂದಿನಂತೆ ಬಂದು, ಎಂದಿಗಿಂತ ಹತ್ತು ನಿಮಿಷ ಮೊದಲೇ ಬಾಗಿಲು ತಟ್ಟಿದಳು.